ಕ್ಲೌಡ್ ಸರ್ವರ್‌ಗಳಿಗೆ ದೂರದಿಂದ ಕಮಾಂಡ್, ಪ್ಯಾಚ್ ನಿರ್ವಹಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉತ್ತರಗಳು ಅಮೆಜಾನ್ ವೆಬ್ ಸರ್ವಿಸಸ್‌ನ ಸಿಸ್ಟಮ್ಸ್ ಮ್ಯಾನೇಜರ್ ಸೇವೆಗೆ, ಮುಖ್ಯವಾಗಿ ಅದರ ರನ್ ಕಮಾಂಡ್ (ದೂರದಿಂದ ಕಮಾಂಡ್ ಓಡಿಸುವುದು) ಮತ್ತು ಪ್ಯಾಚ್ ಮ್ಯಾನೇಜರ್ (ದೋಷ ಸರಿಪಡಿಸುವ ಪ್ಯಾಚ್‌ಗಳನ್ನು ಹಾಕಿಸುವುದು) ಎಂಬ ಎರಡು ಭಾಗಗಳಿಗೆ ಸಂಬಂಧಿಸಿದವು. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್, ಗೂಗಲ್ ಕ್ಲೌಡ್‌ನಲ್ಲಿ ವಿಎಂ ಮ್ಯಾನೇಜರ್ ಇದೇ ಬಗೆಯ ಕೆಲಸಕ್ಕೆ ಇವೆ. ಹೆಸರುಗಳು ಬೇರೆಯಾದರೂ ಎಡವುವ ಜಾಗಗಳು ಬಹುಮಟ್ಟಿಗೆ ಒಂದೇ. ಹತ್ತಿಪ್ಪತ್ತು ಸರ್ವರ್‌ಗಳನ್ನು ಇದುವರೆಗೆ ಕೈಯಾರೆ ನೋಡಿಕೊಂಡು, ಈಗ ಸಂಖ್ಯೆ ನೂರು ದಾಟಿದೆ ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಎಸ್‌ಎಸ್‌ಎಚ್ ಇರುವಾಗ ರನ್ ಕಮಾಂಡ್ ಏಕೆ ಬೇಕು?

ದೂರದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ನೀವು ಸರ್ವರ್‌ನ ಬಾಗಿಲಿಗೆ ಹೋಗಬೇಕು. ಅದಕ್ಕೆ 22ನೇ ಪೋರ್ಟ್ ತೆರೆದಿರಬೇಕು, ಕೀಲಿಗಳನ್ನು ಹಂಚಬೇಕು, ಕೆಲಸ ಬಿಟ್ಟವರ ಕೀಲಿಗಳನ್ನು ನೆನಪಿಟ್ಟು ತೆಗೆಯಬೇಕು. ರನ್ ಕಮಾಂಡ್‌ನಲ್ಲಿ ದಿಕ್ಕು ತಿರುಗುಮುರುಗಾಗುತ್ತದೆ. ಸರ್ವರ್‌ನೊಳಗೆ ಓಡುತ್ತಿರುವ ಎಸ್‌ಎಸ್‌ಎಂ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಂ ತಾನೇ ಹೊರಗಿನ 443ನೇ ಪೋರ್ಟ್ ಮೂಲಕ ಸೇವೆಯನ್ನು ಸಂಪರ್ಕಿಸಿ ತನಗೇನಾದರೂ ಕೆಲಸವಿದೆಯೇ ಎಂದು ಕೇಳುತ್ತದೆ. ಒಳಬರುವ ಯಾವ ಪೋರ್ಟನ್ನೂ ತೆರೆದಿಡಬೇಕಾಗಿಲ್ಲ. ಜುಲೈ 2024ರಲ್ಲಿ ಓಪನ್ ಎಸ್‌ಎಸ್‌ಎಚ್‌ನಲ್ಲೇ ಗಂಭೀರ ದೋಷವೊಂದು ಬಯಲಾದಾಗ, 22ನೇ ಪೋರ್ಟನ್ನು ಹೊರಲೋಕಕ್ಕೆ ತೆರೆಯದೇ ಇದ್ದವರು ಪ್ಯಾಚ್‌ಗೆ ಬೇಕಾದ ಸಮಯವನ್ನು ನೆಮ್ಮದಿಯಿಂದ ತೆಗೆದುಕೊಳ್ಳಬಹುದಿತ್ತು.

ಸರ್ವರ್‌ಗಳನ್ನು ಸಜ್ಜುಗೊಳಿಸುವ ಆನ್ಸಿಬಲ್ ಎಂಬ ಸಾಧನವನ್ನು ಬಳಸುವವರು ಅದನ್ನು ಬಿಡಬೇಕೆಂದೇನೂ ಇಲ್ಲ. ಸರ್ವರ್‌ನ ಸ್ಥಿತಿಯನ್ನು ವಿವರವಾಗಿ ರೂಪಿಸುವುದಕ್ಕೆ ಆನ್ಸಿಬಲ್ ಹೆಚ್ಚು ಅನುಕೂಲ. ಒಂದು ಕ್ಷಣದಲ್ಲಿ ನೂರಾರು ಸರ್ವರ್‌ಗಳಿಗೆ ಒಂದೇ ಪ್ರಶ್ನೆ ಕೇಳಿ ಉತ್ತರ ಪಡೆಯುವುದಕ್ಕೆ ರನ್ ಕಮಾಂಡ್ ಅನುಕೂಲ.

ನನ್ನ ಸರ್ವರ್ ಪಟ್ಟಿಯಲ್ಲೇ ಕಾಣಿಸುತ್ತಿಲ್ಲ. ಏನನ್ನು ಪರೀಕ್ಷಿಸಬೇಕು?

ಸಾಮಾನ್ಯವಾಗಿ ಕಾರಣ ಮೂರರಲ್ಲೊಂದು: ಏಜೆಂಟ್ ಓಡುತ್ತಿಲ್ಲ, ಅದಕ್ಕೆ ಅನುಮತಿ ಇಲ್ಲ, ಅಥವಾ ಅದಕ್ಕೆ ಹೊರದಾರಿ ಇಲ್ಲ. ಅಮೆಜಾನ್ ಲಿನಕ್ಸ್, ಉಬುಂಟು, ವಿಂಡೋಸ್ ಸರ್ವರ್‌ಗಳ ಅಧಿಕೃತ ಇಮೇಜ್‌ಗಳಲ್ಲಿ (ಹೊಸ ಸರ್ವರ್ ಹುಟ್ಟಿಸುವ ಅಚ್ಚುಗಳಲ್ಲಿ) ಏಜೆಂಟ್ ಮೊದಲೇ ಇರುತ್ತದೆ. ಬೇರೆ ಕಡೆಯಿಂದ ತಂದ ಇಮೇಜ್‌ಗಳಲ್ಲಿ ನೀವೇ ಹಾಕಬೇಕು. ಅನುಮತಿಗಾಗಿ ಸರ್ವರ್‌ಗೆ ಜೋಡಿಸಿದ ಐಎಎಂ (ಅಮೆಜಾನ್‌ನ ಅನುಮತಿ ವ್ಯವಸ್ಥೆ) ರೋಲ್‌ನಲ್ಲಿ ಅಮೆಜಾನ್‌ಎಸ್‌ಎಸ್‌ಎಂಮ್ಯಾನೇಜ್ಡ್‌ಇನ್‌ಸ್ಟೆನ್ಸ್‌ಕೋರ್ ಎಂಬ ಪಾಲಿಸಿ ಇರಬೇಕು. 2023ರಿಂದ ಇರುವ ಡೀಫಾಲ್ಟ್ ಹೋಸ್ಟ್ ಮ್ಯಾನೇಜ್‌ಮೆಂಟ್ ಸೌಲಭ್ಯವನ್ನು ಆನ್ ಮಾಡಿದರೆ ಪ್ರತಿ ಸರ್ವರ್‌ಗೂ ರೋಲ್ ಜೋಡಿಸುವ ಈ ಗೋಜು ತಪ್ಪುತ್ತದೆ, ಆದರೆ ಅದಕ್ಕೆ ಏಜೆಂಟ್‌ನ ಹೊಸ ಆವೃತ್ತಿಯೂ ಸರ್ವರ್‌ಗೆ ಅದರದೇ ವಿವರಗಳನ್ನು ಕೊಡುವ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿಯೂ ಬೇಕು.

ಇಂಟರ್ನೆಟ್ ಇಲ್ಲದ ಖಾಸಗಿ ಸಬ್‌ನೆಟ್‌ನಲ್ಲಿರುವ ಸರ್ವರ್‌ಗಳಿಗೆ ವಿಪಿಸಿ ಎಂಡ್‌ಪಾಯಿಂಟ್‌ಗಳನ್ನು (ಅಮೆಜಾನ್ ಸೇವೆಗಳಿಗೆ ಹೋಗುವ ಖಾಸಗಿ ದಾರಿಗಳನ್ನು) ರಚಿಸಬೇಕಾಗುತ್ತದೆ. ಇಲ್ಲಿ ಬಹಳ ಜನ ಸಿಸ್ಟಮ್ಸ್ ಮ್ಯಾನೇಜರ್‌ನ ಎಂಡ್‌ಪಾಯಿಂಟ್‌ಗಳನ್ನು ಮಾತ್ರ ರಚಿಸಿ, ಫೈಲ್‌ಗಳನ್ನು ಇಡುವ ಎಸ್3 ಸೇವೆಯ ಎಂಡ್‌ಪಾಯಿಂಟನ್ನು ಮರೆಯುತ್ತಾರೆ. ಆಗ ಸರ್ವರ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ಸಾಮಾನ್ಯ ಕಮಾಂಡ್‌ಗಳೂ ಓಡುತ್ತವೆ, ಪ್ಯಾಚ್ ಮಾತ್ರ ವಿಫಲವಾಗುತ್ತದೆ, ಏಕೆಂದರೆ ಪ್ಯಾಚ್‌ನ ನಿಯಮಾವಳಿಯ ನಕಲೂ ಅಮೆಜಾನ್ ಲಿನಕ್ಸ್‌ನ ಪ್ಯಾಕೇಜುಗಳೂ ಎಸ್3ಯಿಂದಲೇ ಬರುತ್ತವೆ. ಇವೆಲ್ಲ ಸರಿಯಿದ್ದೂ ಕೆಲಸ ಮಾಡದಿದ್ದರೆ ಸರ್ವರ್‌ನ ಗಡಿಯಾರ ನೋಡಿ. ಸಮಯ ತಪ್ಪಿದ್ದರೆ ಏಜೆಂಟ್ ಕಳುಹಿಸುವ ಕೋರಿಕೆಯ ಡಿಜಿಟಲ್ ಸಹಿಯನ್ನು ಸೇವೆ ತಿರಸ್ಕರಿಸುತ್ತದೆ.

ಕಮಾಂಡ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ?

ಲಿನಕ್ಸ್‌ನಲ್ಲಿ ರೂಟ್, ವಿಂಡೋಸ್‌ನಲ್ಲಿ ಸಿಸ್ಟಮ್, ಅಂದರೆ ಎಲ್ಲ ಅಧಿಕಾರವೂ ಇರುವ ಬಳಕೆದಾರ. ಆದ್ದರಿಂದ ಸೆಂಡ್ ಕಮಾಂಡ್ ಅನುಮತಿಯನ್ನು ಯಾವ ಮಿತಿಯೂ ಇಲ್ಲದೆ ಒಬ್ಬರಿಗೆ ಕೊಟ್ಟರೆ, ಆ ಖಾತೆಯ ಎಲ್ಲ ಸರ್ವರ್‌ಗಳ ರೂಟ್ ಪಾಸ್‌ವರ್ಡ್ ಕೊಟ್ಟಂತೆಯೇ ಸರಿ. ರೂಟ್ ಅಧಿಕಾರ ಯಾರಿಗಿದೆ ಎಂಬ ಸುಡೋ ಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸುವ ಕಂಪನಿಗಳಲ್ಲೂ ಈ ಒಂದು ಅನುಮತಿ ಡೆವಲಪರ್‌ಗಳ ಗುಂಪಿಗೆಲ್ಲ ಸಲೀಸಾಗಿ ಸಿಕ್ಕಿರುವುದುಂಟು.

ಮಿತಿ ಹಾಕುವುದಕ್ಕೆ ಎರಡು ದಾರಿಗಳಿವೆ, ಎರಡನ್ನೂ ಒಟ್ಟಿಗೆ ಬಳಸುವುದು ಒಳ್ಳೆಯದು. ಯಾವ ಟ್ಯಾಗ್ (ಸರ್ವರ್‌ಗೆ ಅಂಟಿಸಿದ ಹೆಸರುಚೀಟಿ) ಇರುವ ಸರ್ವರ್‌ಗಳಿಗೆ ಮಾತ್ರ ಕಳುಹಿಸಬಹುದು ಎಂಬುದನ್ನು ಐಎಎಂ ಪಾಲಿಸಿಯಲ್ಲೇ ಷರತ್ತಾಗಿ ಬರೆಯಬಹುದು. ಜೊತೆಗೆ, ಏನನ್ನು ಬೇಕಾದರೂ ಓಡಿಸುವ ರನ್‌ಶೆಲ್‌ಸ್ಕ್ರಿಪ್ಟ್ ಎಂಬ ಡಾಕ್ಯುಮೆಂಟ್ (ಏನನ್ನು ಓಡಿಸಬೇಕೆಂದು ಬರೆದಿಟ್ಟ ಸೂಚನಾಪತ್ರ) ಬದಲು, ಒಂದು ಸೇವೆಯನ್ನು ರೀಸ್ಟಾರ್ಟ್ ಮಾಡುವಂಥ ನಿರ್ದಿಷ್ಟ ಕೆಲಸಕ್ಕೆ ನಿಮ್ಮದೇ ಡಾಕ್ಯುಮೆಂಟ್ ಬರೆದು ಅದಕ್ಕೆ ಮಾತ್ರ ಅನುಮತಿ ಕೊಡಬಹುದು. ಹಾಗೆ ಬರೆಯುವಾಗ ಬಳಕೆದಾರರು ತುಂಬುವ ಪ್ರತಿಯೊಂದು ಮೌಲ್ಯಕ್ಕೂ ಯಾವ ಅಕ್ಷರಗಳು ಮಾತ್ರ ಬರಬಹುದು ಎಂಬ ನಮೂನೆಯನ್ನು ಕಡ್ಡಾಯವಾಗಿ ಸೂಚಿಸಿ. ಇಲ್ಲದಿದ್ದರೆ ಸೇವೆಯ ಹೆಸರಿನ ಜಾಗದಲ್ಲಿ ಅರ್ಧವಿರಾಮ ಚಿಹ್ನೆಯೊಂದನ್ನು ಹಾಕಿ ಅದರ ಮುಂದೆ ಬೇಕಾದ ಕಮಾಂಡ್ ಬರೆಯಲು ಯಾರಿಗೂ ಅಡ್ಡಿಯಿರುವುದಿಲ್ಲ.

ಒಂದೇ ಸಲಕ್ಕೆ ಎಷ್ಟು ಸರ್ವರ್‌ಗಳಿಗೆ ಕಳುಹಿಸಬಹುದು? ತಪ್ಪಾದರೆ ನಿಲ್ಲಿಸುವುದು ಹೇಗೆ?

ಸರ್ವರ್‌ಗಳ ಗುರುತನ್ನು ಒಂದೊಂದಾಗಿ ಬರೆದರೆ 50ರ ಮಿತಿ ಇದೆ. ಟ್ಯಾಗ್ ಮೂಲಕ ಆರಿಸಿದರೆ ಆ ಮಿತಿ ಅನ್ವಯಿಸುವುದಿಲ್ಲ. ಕಳುಹಿಸುವುದು ಸುಲಭ, ಆಲೋಚಿಸಬೇಕಾದದ್ದು ಪ್ರಶ್ನೆಯ ಎರಡನೇ ಭಾಗವನ್ನು. ಏಕಕಾಲಕ್ಕೆ ಎಷ್ಟು ಸರ್ವರ್‌ಗಳಲ್ಲಿ ಓಡಬೇಕು, ಎಷ್ಟು ಕಡೆ ವಿಫಲವಾದರೆ ಮುಂದಕ್ಕೆ ಕಳುಹಿಸುವುದನ್ನು ನಿಲ್ಲಿಸಬೇಕು ಎಂಬ ಎರಡು ಸಂಖ್ಯೆಗಳನ್ನು ನೀವು ಕೊಡಬಹುದು. ಏನೂ ಕೊಡದಿದ್ದರೆ ಮೊದಲನೆಯದು 50, ಎರಡನೆಯದು 0.

ಸೊನ್ನೆ ಎಂಬುದನ್ನು ನೋಡಿ, ಮೊದಲ ವೈಫಲ್ಯಕ್ಕೇ ಎಲ್ಲವೂ ನಿಲ್ಲುತ್ತದೆ ಎಂದು ಭಾವಿಸುವವರು ಬಹಳ. ಹಾಗಲ್ಲ. ಮೊದಲ ವೈಫಲ್ಯದ ಸುದ್ದಿ ಬರುವ ಹೊತ್ತಿಗೆ ಉಳಿದ 49 ಸರ್ವರ್‌ಗಳಲ್ಲಿ ಅದೇ ಸ್ಕ್ರಿಪ್ಟ್ ಆಗಲೇ ಓಡುತ್ತಿರುತ್ತದೆ. ಆರಂಭವಾದದ್ದು ಮುಗಿಯುವವರೆಗೆ ಓಡುತ್ತದೆ, ಹೊಸದಾಗಿ ಕಳುಹಿಸುವುದು ಮಾತ್ರ ನಿಲ್ಲುತ್ತದೆ. ಅಂದರೆ ನಿಮ್ಮಲ್ಲಿ ಇರುವುದೇ 40 ಸರ್ವರ್‌ಗಳಾದರೆ ಡೀಫಾಲ್ಟ್ ಸಂಖ್ಯೆಗಳಿಂದ ನಿಮಗೆ ಯಾವ ರಕ್ಷಣೆಯೂ ಇಲ್ಲ. ಹೊಸ ಸ್ಕ್ರಿಪ್ಟನ್ನು ಮೊದಲು ಒಂದೇ ಸರ್ವರ್‌ನಲ್ಲಿ, ಆಮೇಲೆ ಶೇಕಡಾ 5 ಅಥವಾ 10ರ ಗುಂಪುಗಳಲ್ಲಿ ಓಡಿಸುವುದು ಸರಿಯಾದ ಕ್ರಮ. ಜುಲೈ 19, 2024ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್ ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೆಲಕಚ್ಚಿಸಿತು. ದೋಷ ಸಣ್ಣದು, ಹಾನಿ ದೊಡ್ಡದಾದದ್ದು ಅದು ಹಂತಹಂತವಾಗಿ ಹೋಗದೆ ಎಲ್ಲೆಡೆಗೂ ಒಮ್ಮೆಲೇ ಹೋದದ್ದರಿಂದ.

ಫಲಿತಾಂಶದಲ್ಲಿ ‘ಸಕ್ಸೆಸ್’ ಎಂದಿದೆ, ಆದರೆ ಕೆಲಸ ಆಗಿಲ್ಲ. ಇದು ಹೇಗೆ ಸಾಧ್ಯ?

ಸ್ಕ್ರಿಪ್ಟ್‌ನ ಕಟ್ಟಕಡೆಯ ಕಮಾಂಡ್ ಯಾವ ಎಕ್ಸಿಟ್ ಕೋಡ್ (ಗೆದ್ದಿತೋ ಸೋತಿತೋ ಎಂದು ಹೇಳುವ ಸಂಖ್ಯೆ) ಕೊಟ್ಟಿತೋ ಅದನ್ನೇ ಇಡೀ ಸ್ಕ್ರಿಪ್ಟ್‌ನ ಫಲಿತಾಂಶ ಎಂದು ಏಜೆಂಟ್ ತೆಗೆದುಕೊಳ್ಳುತ್ತದೆ. ಮೂರು ಸಾಲಿನ ಒಂದು ಸ್ಕ್ರಿಪ್ಟ್ ಊಹಿಸಿಕೊಳ್ಳಿ: ಮೊದಲ ಸಾಲು ಪ್ಯಾಕೇಜ್ ಅಪ್‌ಡೇಟ್ ಮಾಡುತ್ತದೆ, ಎರಡನೆಯದು ಸೇವೆಯನ್ನು ರೀಸ್ಟಾರ್ಟ್ ಮಾಡುತ್ತದೆ, ಮೂರನೆಯದು ಎಕೋ ಬಳಸಿ ‘ಮುಗಿಯಿತು’ ಎಂದು ಬರೆಯುತ್ತದೆ. ಡಿಸ್ಕ್ ತುಂಬಿದ್ದರಿಂದ ಮೊದಲ ಸಾಲು ಸೋತರೂ, ಹಳೆಯ ಆವೃತ್ತಿಯೇ ರೀಸ್ಟಾರ್ಟ್ ಆಗಿ, ಎಕೋ ಎಂದಿನಂತೆ ಯಶಸ್ವಿಯಾಗಿ, ಕನ್ಸೋಲ್‌ನಲ್ಲಿ ಹಸಿರು ಗುರುತು ಮೂಡುತ್ತದೆ. ಸ್ಕ್ರಿಪ್ಟ್‌ನ ಆರಂಭದಲ್ಲೇ ‘ಸೆಟ್ ಮೈನಸ್ ಇ’ ಸಾಲನ್ನು ಹಾಕಿದರೆ ಮೊದಲ ತಪ್ಪಿಗೇ ಅದು ನಿಂತು ವೈಫಲ್ಯವನ್ನು ವರದಿ ಮಾಡುತ್ತದೆ. ಅದಕ್ಕಿಂತ ಮೇಲಾದದ್ದು, ಕೊನೆಯ ಸಾಲಿನಲ್ಲಿ ನಿಮಗೆ ಬೇಕಾದ ಸ್ಥಿತಿ ನಿಜವಾಗಿ ಬಂದಿದೆಯೇ ಎಂದು, ಉದಾಹರಣೆಗೆ ಓಡುತ್ತಿರುವ ಸೇವೆಯ ಆವೃತ್ತಿಯನ್ನೇ ಕೇಳಿ, ಪರೀಕ್ಷಿಸುವುದು.

ಉಬುಂಟುವಿನಲ್ಲಿ ಇನ್ನೊಂದು ತೊಡಕು. ರನ್‌ಶೆಲ್‌ಸ್ಕ್ರಿಪ್ಟ್ ನಿಮ್ಮ ಸಾಲುಗಳನ್ನು ಬ್ಯಾಶ್‌ಗೆ ಕೊಡದೆ ‘ಎಸ್‌ಎಚ್’ಗೆ ಕೊಡುತ್ತದೆ, ಉಬುಂಟುವಿನಲ್ಲಿ ಎಸ್‌ಎಚ್ ಎಂದರೆ ಡ್ಯಾಶ್ ಎಂಬ ಬೇರೆಯೇ ಶೆಲ್ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ). ನಿಮ್ಮ ಟರ್ಮಿನಲ್‌ನಲ್ಲಿ ಸರಿಯಾಗಿ ಓಡಿದ ಜೋಡಿ ಚೌಕಾವರಣದ ಷರತ್ತುಗಳು ಅಲ್ಲಿ ದೋಷ ಕೊಡುತ್ತವೆ. ಮೊದಲ ಸಾಲಿನಲ್ಲಿ ಬ್ಯಾಶ್‌ನ ಪಾತ್ ಇರುವ ಶೆಬ್ಯಾಂಗ್ (ಯಾವ ಶೆಲ್ ಬೇಕೆಂದು ಹೇಳುವ ಸಾಲು) ಹಾಕಿದರೆ ಇದು ಪರಿಹಾರವಾಗುತ್ತದೆ.

ಕಮಾಂಡ್‌ನ ಔಟ್‌ಪುಟ್ ಎಲ್ಲಿ, ಎಷ್ಟು ಕಾಲ ಉಳಿಯುತ್ತದೆ?

ಕಮಾಂಡ್‌ನ ಇತಿಹಾಸ 30 ದಿನ ಮಾತ್ರ ಉಳಿಯುತ್ತದೆ, ಉದ್ದನೆಯ ಔಟ್‌ಪುಟ್‌ನ ಆರಂಭದ ಭಾಗವಷ್ಟೇ ಕನ್ಸೋಲ್‌ನಲ್ಲಿ ಕಾಣಿಸುತ್ತದೆ. ಪೂರ್ತಿ ಬೇಕೆಂದರೆ ಎಸ್3 ಬಕೆಟ್‌ಗೋ ಲಾಗ್ ಸಂಗ್ರಹಿಸುವ ಕ್ಲೌಡ್‌ವಾಚ್ ಲಾಗ್ಸ್‌ಗೋ ಕಳುಹಿಸುವಂತೆ ಕಮಾಂಡ್ ಕೊಡುವಾಗಲೇ ಹೇಳಬೇಕು. ಆಮೇಲೆ ಹೇಳಿದರೆ ಸಿಗುವುದಿಲ್ಲ. ಭಾರತದಲ್ಲಿ ಸೇವೆ ನಡೆಸುವವರಿಗೆ ಇದು ಬರೀ ಅನುಕೂಲದ ಮಾತಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಏಪ್ರಿಲ್ 28, 2022ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಸುರಕ್ಷಿತವಾಗಿ ಇಟ್ಟುಕೊಳ್ಳಬೇಕು, ಸೈಬರ್ ಘಟನೆಗಳನ್ನು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಮುಂಬಯಿ ಅಥವಾ ಹೈದರಾಬಾದ್ ರೀಜನ್‌ನಲ್ಲಿ ಒಂದು ಎಸ್3 ಬಕೆಟ್ ಮಾಡಿ, ಎಲ್ಲ ಕಮಾಂಡ್‌ಗಳ ಔಟ್‌ಪುಟ್ ಅಲ್ಲಿಗೇ ಹೋಗುವಂತೆ ಇಟ್ಟು, 180 ದಿನಕ್ಕಿಂತ ಮೊದಲು ಅಳಿಸದಂತೆ ನಿಯಮ ಹಾಕುವುದು ಸರಳ ಮಾರ್ಗ.

ಪಾಸ್‌ವರ್ಡ್‌ಗಳನ್ನು ಕಮಾಂಡ್‌ನ ಸಾಲಿನಲ್ಲಿ ಎಂದೂ ಬರೆಯಬೇಡಿ. ಇತಿಹಾಸ ನೋಡುವ ಅನುಮತಿ ಇರುವವರಿಗೆಲ್ಲ ಅದು ಕಾಣುತ್ತದೆ. ಸ್ಕ್ರಿಪ್ಟ್ ಓಡುವಾಗ ತಾನೇ ಸೀಕ್ರೆಟ್ಸ್ ಮ್ಯಾನೇಜರ್‌ನಿಂದಲೋ ಪ್ಯಾರಾಮೀಟರ್ ಸ್ಟೋರ್‌ನಿಂದಲೋ ಅದನ್ನು ಓದಿಕೊಳ್ಳಲಿ.

ಪ್ಯಾಚ್ ಮ್ಯಾನೇಜರ್ ಪ್ಯಾಚ್‌ಗಳನ್ನು ಎಲ್ಲಿಂದ ತರುತ್ತದೆ?

ಅದರ ಹತ್ತಿರ ಯಾವ ಪ್ಯಾಚೂ ಇರುವುದಿಲ್ಲ. ಲಿನಕ್ಸ್‌ನಲ್ಲಿ ಆ ಸರ್ವರ್‌ನಲ್ಲೇ ನಮೂದಾಗಿರುವ ರೆಪಾಸಿಟರಿಗಳಿಂದ (ಪ್ಯಾಕೇಜ್‌ಗಳ ಭಂಡಾರಗಳಿಂದ), ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಸೇವೆಯಿಂದ ಅಥವಾ ಅಪ್‌ಡೇಟ್‌ಗಳನ್ನು ಸಂಸ್ಥೆಯೊಳಗೇ ಹಂಚುವ ನಿಮ್ಮದೇ ಡಬ್ಲ್ಯುಎಸ್‌ಯುಎಸ್ ಸರ್ವರ್‌ನಿಂದ ಪ್ಯಾಚ್‌ಗಳು ಬರುತ್ತವೆ. ಪ್ಯಾಚ್ ಮ್ಯಾನೇಜರ್ ಮಾಡುವುದು ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಬೇಸ್‌ಲೈನ್ ಎಂಬ ನಿಯಮಾವಳಿಯ ಪ್ರಕಾರ ತೀರ್ಮಾನಿಸುವುದು, ಹಾಕಿಸುವುದು, ಲೆಕ್ಕ ಇಡುವುದು.

ಬೇಸ್‌ಲೈನ್‌ನಲ್ಲಿ 7 ದಿನ ಕಾಯುವ ನಿಯಮ ಇದೆ. ಅದು ಹೆಚ್ಚೋ ಕಡಿಮೆಯೋ?

ಹಲವು ಡೀಫಾಲ್ಟ್ ಬೇಸ್‌ಲೈನ್‌ಗಳಲ್ಲಿ, ಪ್ಯಾಚ್ ಬಿಡುಗಡೆಯಾದ 7 ದಿನಗಳ ನಂತರ ಅದಕ್ಕೆ ತಾನಾಗಿ ಒಪ್ಪಿಗೆ ಸಿಗುತ್ತದೆ. ಕಾಯುವುದಕ್ಕೂ ಕಾಯದಿರುವುದಕ್ಕೂ ಇತಿಹಾಸದಲ್ಲಿ ಸಾಕ್ಷಿಗಳಿವೆ. ಮೈಕ್ರೋಸಾಫ್ಟ್ ಮಾರ್ಚ್ 14, 2017ರಂದು ಪ್ಯಾಚ್ ಕೊಟ್ಟಿದ್ದ ದೋಷವನ್ನೇ ಬಳಸಿ ಒತ್ತೆಹಣ ಕೇಳುವ ಕುತಂತ್ರಾಂಶ ವಾನಾಕ್ರೈ ಮೇ 12ರಂದು ಹರಡಿತು. ಅಲ್ಲಿ ಏಟು ತಿಂದವರು 7 ದಿನವಲ್ಲ, ಸುಮಾರು ಎರಡು ತಿಂಗಳು ಸುಮ್ಮನಿದ್ದವರು. ಇನ್ನೊಂದು ಕಡೆ, ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಜಡ್ ಪ್ಯಾಕೇಜ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಸೇರಿಸಿದ್ದ ಹಿಂಬಾಗಿಲು ಮಾರ್ಚ್ 29, 2024ರಂದು ಬಯಲಾಯಿತು. ಮೊದಲನೆಯದು ಬಿಡುಗಡೆಯಾಗಿ ಆಗಲೇ ಒಂದು ತಿಂಗಳು ದಾಟಿತ್ತು. ಆ ಪ್ರಕರಣದಲ್ಲಿ 7 ದಿನದ ನಿಯಮ ಯಾರನ್ನೂ ಕಾಪಾಡುತ್ತಿರಲಿಲ್ಲ. ಬಹುಪಾಲು ಸರ್ವರ್‌ಗಳು ಉಳಿದದ್ದು ಸ್ಥಿರ ಆವೃತ್ತಿಯ ವಿತರಣೆಗಳಿಗೆ ಅದು ಇನ್ನೂ ತಲುಪಿರಲಿಲ್ಲವಾದ್ದರಿಂದ. ಆದ್ದರಿಂದ ಕಾಯುವ ದಿನಗಳಿಗೆ ಅರ್ಥ ಬರುವುದು ಆ ದಿನಗಳಲ್ಲಿ ನಿಮ್ಮದೇ ಪರೀಕ್ಷಾ ಸರ್ವರ್‌ಗಳಲ್ಲಿ ಆ ಪ್ಯಾಚ್ ಓಡುತ್ತಿದ್ದರೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಪರೀಕ್ಷಾ ಗುಂಪಿಗೆ 0 ದಿನ, ಉತ್ಪಾದನಾ ಗುಂಪಿಗೆ (ಬಳಕೆದಾರರಿಗೆ ನಿಜವಾಗಿ ಸೇವೆ ಕೊಡುವ ಸರ್ವರ್‌ಗಳಿಗೆ) 7 ದಿನ ಇಡಿ.

ತುರ್ತು ಬಂದಾಗ ಬೇಸ್‌ಲೈನ್‌ನ ದಿನಗಳನ್ನು ತಿದ್ದಬೇಕಾಗಿಲ್ಲ. ಆ ಒಂದು ಪ್ಯಾಚ್‌ನ ಹೆಸರನ್ನು ಸ್ಪಷ್ಟ ಒಪ್ಪಿಗೆಯ ಪಟ್ಟಿಯಲ್ಲಿ ಸೇರಿಸಿದರೆ ಕಾಯುವ ಅವಧಿ ಅದಕ್ಕೆ ಅನ್ವಯಿಸುವುದಿಲ್ಲ. ಇನ್ನು ಉಬುಂಟುವಿನಲ್ಲಿ ಪ್ಯಾಕೇಜ್‌ಗಳ ಬಿಡುಗಡೆ ದಿನಾಂಕವನ್ನು ಖಚಿತವಾಗಿ ತಿಳಿಯಲಾಗದ ಕಾರಣ ಈ ದಿನಗಳ ನಿಯಮವೇ ಅಲ್ಲಿ ಲಭ್ಯವಿಲ್ಲ. ಅಲ್ಲಿ ಪರೀಕ್ಷೆಗೂ ಉತ್ಪಾದನೆಗೂ ನಡುವೆ ಅಂತರ ಬೇಕೆಂದರೆ ವೇಳಾಪಟ್ಟಿಯಲ್ಲೇ ಅದನ್ನು ಇಡಬೇಕು.

ಮೈಕ್ರೋಸಾಫ್ಟ್ ಪ್ಯಾಚ್‌ಗಳಿಗೆ ವೇಳಾಪಟ್ಟಿ ಹೇಗಿರಬೇಕು?

ಪ್ರತಿ ತಿಂಗಳ ಎರಡನೇ ಮಂಗಳವಾರ ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗ್ಗೆ 10 ಗಂಟೆಗೆ ಮೈಕ್ರೋಸಾಫ್ಟ್ ಪ್ಯಾಚ್‌ಗಳು ಹೊರಬರುತ್ತವೆ. ನಮ್ಮಲ್ಲಿ ಆಗ ಋತುಮಾನಕ್ಕೆ ತಕ್ಕಂತೆ ರಾತ್ರಿ 10:30 ಅಥವಾ 11:30. ಬೆಂಗಳೂರಿನ ತಂಡಗಳಿಗೆ ಕೆಲಸ ಶುರುವಾಗುವುದು ಬುಧವಾರ. ಹಾಗಾಗಿ ‘ಎರಡನೇ ಬುಧವಾರ ರಾತ್ರಿ’ ಎಂದು ಮೇಂಟೆನೆನ್ಸ್ ವಿಂಡೋ (ಪ್ಯಾಚ್ ಹಾಕಲು ಮೀಸಲಿಟ್ಟ ವೇಳೆ) ಬರೆದುಬಿಡುವುದು ಸಹಜ, ಅದು ವರ್ಷದ ಬಹುತೇಕ ತಿಂಗಳು ಸರಿಯಾಗಿಯೇ ನಡೆಯುತ್ತದೆ. ಆದರೆ ತಿಂಗಳ 1ನೇ ತಾರೀಖು ಬುಧವಾರವಾದರೆ ಎರಡನೇ ಬುಧವಾರ 8ರಂದು ಬರುತ್ತದೆ, ಎರಡನೇ ಮಂಗಳವಾರ 14ರಂದು. ಅಕ್ಟೋಬರ್ 2025ರಲ್ಲಿ ಹೀಗೆಯೇ ಆಯಿತು: ಆ ವೇಳಾಪಟ್ಟಿಯ ವಿಂಡೋ ಪ್ಯಾಚ್ ಬರುವುದಕ್ಕೆ 6 ದಿನ ಮೊದಲೇ ತೆರೆದು, ಹೊಸದೇನೂ ಇಲ್ಲವೆಂದು ಮುಚ್ಚಿಕೊಳ್ಳುತ್ತದೆ.

ಇದಕ್ಕೆಂದೇ ವಿಂಡೋಗಳಲ್ಲಿ ಆಫ್‌ಸೆಟ್ ಎಂಬ ಅಂಶ ಇದೆ: ‘ಎರಡನೇ ಮಂಗಳವಾರ, ಅದಾದ 2 ದಿನಕ್ಕೆ’ ಎಂದು ಬರೆಯಬಹುದು, 1ರಿಂದ 6 ದಿನಗಳವರೆಗೆ. ಇಲ್ಲಿ ಬೇಸ್‌ಲೈನ್‌ನ 7 ದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೇ ಮಂಗಳವಾರದ ನಂತರದ ಶನಿವಾರ ಉತ್ಪಾದನಾ ವಿಂಡೋ ಇಟ್ಟು, ಬೇಸ್‌ಲೈನ್‌ನಲ್ಲಿ 7 ದಿನ ಬಿಟ್ಟರೆ, ಆ ಶನಿವಾರ ಆ ತಿಂಗಳ ಯಾವ ಪ್ಯಾಚ್‌ಗೂ ಒಪ್ಪಿಗೆ ಸಿಕ್ಕಿರುವುದಿಲ್ಲ. ಅವು ಮುಂದಿನ ತಿಂಗಳು ಹೋಗುತ್ತವೆ, ಯಾರಿಗೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ. ಪರೀಕ್ಷಾ ಗುಂಪನ್ನು ಎರಡನೇ ಮಂಗಳವಾರದ 2 ದಿನದ ನಂತರ ಗುರುವಾರಕ್ಕೂ, ಉತ್ಪಾದನಾ ಗುಂಪನ್ನು ಮೂರನೇ ಮಂಗಳವಾರದ 4 ದಿನದ ನಂತರ ಶನಿವಾರಕ್ಕೂ ಇಟ್ಟರೆ ಲೆಕ್ಕ ಕೂಡುತ್ತದೆ. ಮೇಲಿನ ಅಕ್ಟೋಬರ್‌ನಲ್ಲಿ ಅವು 16 ಮತ್ತು 25ನೇ ತಾರೀಖುಗಳಾಗುತ್ತಿದ್ದವು. ಸಮಯ ವಲಯವನ್ನು ಏಷ್ಯಾ-ಕೋಲ್ಕತಾ ಎಂದು ನಮೂದಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ರಾತ್ರಿ 2 ಗಂಟೆಗೆಂದು ಇಟ್ಟದ್ದು ನಮ್ಮ ಬೆಳಗ್ಗೆ 7:30ಕ್ಕೆ ತೆರೆಯುತ್ತದೆ.

ರೀಬೂಟ್ ಮಾಡದೆ ಪ್ಯಾಚ್ ಹಾಕಬಹುದೇ?

ಹಾಕಬಹುದು. ನೋರೀಬೂಟ್ ಎಂಬ ಆಯ್ಕೆ ಇದೆ. ಆದರೆ ಡಿಸ್ಕ್‌ನಲ್ಲಿ ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಂದು ಕುಳಿತರೂ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ಓಪನ್ ಎಸ್‌ಎಸ್‌ಎಲ್‌ನಂಥ ಲೈಬ್ರರಿಗಳ ಕಥೆಯೂ ಅಷ್ಟೇ. ಅವನ್ನು ಬಳಸುವ ಪ್ರತಿಯೊಂದು ಸೇವೆ ರೀಸ್ಟಾರ್ಟ್ ಆಗುವವರೆಗೆ ದೋಷವಿರುವ ಹಳೆಯ ನಕಲೇ ಜೀವಂತವಾಗಿರುತ್ತದೆ. ಯಾವ ಸೇವೆಗಳು ಹೀಗೆ ಹಳೆಯದನ್ನು ಹಿಡಿದುಕೊಂಡಿವೆ ಎಂದು ರೆಡ್ ಹ್ಯಾಟ್ ಬಳಗದಲ್ಲಿ ‘ನೀಡ್ಸ್ ರೀಸ್ಟಾರ್ಟಿಂಗ್’, ಉಬುಂಟುವಿನಲ್ಲಿ ‘ನೀಡ್‌ರೀಸ್ಟಾರ್ಟ್’ ಕಮಾಂಡ್‌ಗಳು ತೋರಿಸುತ್ತವೆ. ರೀಬೂಟ್‌ಗೆ ಹೆದರುವ ಸರ್ವರ್ ಇದೆ ಎಂದರೆ ಪ್ಯಾಚ್‌ಗಿಂತ ಮೊದಲು ಆ ಹೆದರಿಕೆಯ ಕಾರಣವನ್ನೇ ವಿಚಾರಿಸಬೇಕು. ಒಂದು ದಿನ ಹಾರ್ಡ್‌ವೇರ್ ಕೆಟ್ಟು ಅದು ತಾನಾಗಿಯೇ ರೀಬೂಟ್ ಆಗುತ್ತದೆ.

ಆಟೋ ಸ್ಕೇಲಿಂಗ್ ಗುಂಪಿನ ಸರ್ವರ್‌ಗಳಿಗೂ ಹೀಗೆಯೇ ಪ್ಯಾಚ್ ಹಾಕಬೇಕೇ?

ಬೇಡ. ದಟ್ಟಣೆಗೆ ತಕ್ಕಂತೆ ಸರ್ವರ್‌ಗಳ ಸಂಖ್ಯೆ ತಾನಾಗಿ ಏರಿಳಿಯುವ ಈ ಗುಂಪಿನಲ್ಲಿ ಇಂದು ಪ್ಯಾಚ್ ಹಾಕಿದ ಸರ್ವರ್ ನಾಳೆ ದಟ್ಟಣೆ ಇಳಿದಾಗ ಅಳಿದುಹೋಗುತ್ತದೆ, ನಾಡಿದ್ದು ಹುಟ್ಟುವುದು ಹಳೆಯ ಇಮೇಜ್‌ನಿಂದ. ರೀಬೂಟ್ ಆಗುತ್ತಿರುವ ಸರ್ವರ್ ಸತ್ತಿದೆ ಎಂದು ಹೆಲ್ತ್ ಚೆಕ್ ತೀರ್ಮಾನಿಸಿ ಅದನ್ನು ಅರ್ಧದಲ್ಲೇ ತೆಗೆದುಹಾಕುವುದೂ ಉಂಟು. ಇಮೇಜ್‌ಗೇ ಪ್ಯಾಚ್ ಹಾಕಿ, ಇನ್‌ಸ್ಟೆನ್ಸ್ ರಿಫ್ರೆಶ್ ಮೂಲಕ ಗುಂಪನ್ನು ಹಂತಹಂತವಾಗಿ ಬದಲಿಸಿ.

ಎಲ್ಲ ಸರ್ವರ್‌ಗಳೂ ‘ಕಂಪ್ಲೈಂಟ್’ (ನಿಯಮಕ್ಕೆ ಬದ್ಧ) ಎಂದಿವೆ, ಆದರೂ ಭದ್ರತಾ ಆಡಿಟ್‌ನಲ್ಲಿ ದೋಷಗಳು ಬಂದಿವೆ. ಯಾವುದನ್ನು ನಂಬಬೇಕು?

ಎರಡೂ ನಿಜವಾಗಿರಬಹುದು. ಕಂಪ್ಲೈಂಟ್ ಎಂದರೆ, ಕೊನೆಯ ಸ್ಕ್ಯಾನ್ ನಡೆದ ಹೊತ್ತಿಗೆ, ನೀವೇ ಬರೆದ ಬೇಸ್‌ಲೈನ್ ಒಪ್ಪಿದ ಪ್ಯಾಚ್‌ಗಳಲ್ಲಿ ಯಾವುದೂ ಬಾಕಿ ಇಲ್ಲ ಎಂದಷ್ಟೇ. ಬೇಸ್‌ಲೈನ್‌ನಲ್ಲಿ ಕ್ರಿಟಿಕಲ್ ಮಟ್ಟದ್ದನ್ನು ಮಾತ್ರ ಕೇಳಿದ್ದರೆ ಉಳಿದವು ಬಾಕಿ ಇದ್ದರೂ ಹಸಿರೇ.

ಇದಕ್ಕಿಂತ ಅಪಾಯದ ಸಂದರ್ಭ, ಅವಧಿ ಮುಗಿದ ಆಪರೇಟಿಂಗ್ ಸಿಸ್ಟಮ್. ಸೆಂಟ್‌ಒಎಸ್ 7ಕ್ಕೆ ಜೂನ್ 30, 2024ರ ನಂತರ ಪ್ಯಾಚ್‌ಗಳೇ ಬರುತ್ತಿಲ್ಲ. ಹೊಸ ಪ್ಯಾಚ್ ಇಲ್ಲದ ಮೇಲೆ ಬಾಕಿ ಎಂಬುದೂ ಇರುವುದಿಲ್ಲ. ಅತ್ಯಂತ ಹಳೆಯ ಸರ್ವರ್‌ಗಳೇ ವರದಿಯಲ್ಲಿ ಅತ್ಯಂತ ಆರೋಗ್ಯವಾಗಿ ಕಾಣುವ ವಿಚಿತ್ರ ಹೀಗೆ ಉಂಟಾಗುತ್ತದೆ.

ಮೂರನೆಯದಾಗಿ, ಪ್ಯಾಚ್ ಮ್ಯಾನೇಜರ್ ನೋಡುವುದು ಆಪರೇಟಿಂಗ್ ಸಿಸ್ಟಮ್‌ನ ಪ್ಯಾಕೇಜ್‌ಗಳನ್ನು. ಡಿಸೆಂಬರ್ 2021ರಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಲಾಗ್4ಶೆಲ್ ಎಂಬ ದೋಷ ಬಯಲಾದಾಗ, ಅದು ಇದ್ದದ್ದು ಹೆಚ್ಚಾಗಿ ಅಪ್ಲಿಕೇಶನ್‌ಗಳೊಳಗೆ ಹುದುಗಿದ್ದ ಜಾರ್ ಫೈಲ್‌ಗಳಲ್ಲಿ. ಅವು ಲಿನಕ್ಸ್‌ನ ಪ್ಯಾಕೇಜ್ ನಿರ್ವಾಹಕಗಳಾದ ಯಮ್‌ಗೂ ಆಪ್ಟ್‌ಗೂ ಗೊತ್ತಿಲ್ಲದವು. ಅಂಥ ಹೊತ್ತಿನಲ್ಲಿ ನೆರವಿಗೆ ಬರುವುದು ರನ್ ಕಮಾಂಡ್: ಎಲ್ಲ ಸರ್ವರ್‌ಗಳಲ್ಲೂ ಆ ಹೆಸರಿನ ಫೈಲ್ ಹುಡುಕುವ ಒಂದು ಸ್ಕ್ರಿಪ್ಟ್ ಕಳುಹಿಸಿದರೆ ಆರಂಭದ ಪಟ್ಟಿಯೊಂದು ಬೇಗನೆ ಸಿಗುತ್ತದೆ. ಒಂದು ಜಾರ್‌ನ ಹೊಟ್ಟೆಯಲ್ಲಿ ಇನ್ನೊಂದು ಜಾರ್ ಇರಬಹುದಾದ್ದರಿಂದ ಹೆಸರಿನ ಹುಡುಕಾಟ ಮಾತ್ರ ಸಾಲದು. ಒಳಗನ್ನೂ ತೆರೆದು ನೋಡುವ ಸ್ಕ್ಯಾನರ್ ಬೇಕು.

ನಮ್ಮದೇ ಡೇಟಾ ಸೆಂಟರ್‌ನ ಯಂತ್ರಗಳನ್ನೂ ಸೇರಿಸಬಹುದೇ?

ಸೇರಿಸಬಹುದು. ಹೈಬ್ರಿಡ್ ಆಕ್ಟಿವೇಶನ್‌ನಿಂದ ಬರುವ ಕೋಡ್ ಮತ್ತು ಐಡಿ ಬಳಸಿ ಏಜೆಂಟನ್ನು ನೋಂದಾಯಿಸಿದರೆ ಸಾಕು. ಅಂಥ ಯಂತ್ರಗಳ ಗುರುತು ‘ಎಂಐ’ ಅಕ್ಷರಗಳಿಂದ ಶುರುವಾಗುತ್ತದೆ. ಆಕ್ಟಿವೇಶನ್‌ಗೆ ಅವಧಿಯನ್ನೂ ಯಂತ್ರಗಳ ಸಂಖ್ಯೆಯನ್ನೂ ಬಿಗಿಯಾಗಿಯೇ ಇಡಿ.

ಪ್ಯಾಚ್ ಹಾಕಿದ ಮೇಲೆ ಅಪ್ಲಿಕೇಶನ್ ಕೆಟ್ಟರೆ ಹಿಂದಕ್ಕೆ ಹೋಗುವುದು ಹೇಗೆ?

ಪ್ಯಾಚ್ ಮ್ಯಾನೇಜರ್‌ನಲ್ಲಿ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಯಮ್ ಮತ್ತು ಡಿಎನ್‌ಎಫ್‌ನಲ್ಲಿ ‘ಹಿಸ್ಟರಿ ಅನ್‌ಡು’ ಇದೆ, ವಿಂಡೋಸ್‌ನಲ್ಲಿ ಕೆಬಿ ಸಂಖ್ಯೆ ಹೇಳಿ ತೆಗೆಯಬಹುದು. ಆದರೆ ರೆಪಾಸಿಟರಿಯಲ್ಲಿ ಹಳೆಯ ಆವೃತ್ತಿ ಉಳಿದಿರದಿದ್ದರೆ ಮೊದಲನೆಯದು ನಡೆಯುವುದಿಲ್ಲ. ಭರವಸೆಯ ದಾರಿ, ವಿಂಡೋ ತೆರೆಯುವ ಮೊದಲು ಡಿಸ್ಕ್‌ನ ಸ್ನಾಪ್‌ಶಾಟ್ ತೆಗೆದಿಡುವುದು. ಹುಕ್ಸ್ ಇರುವ ಪ್ಯಾಚ್ ಡಾಕ್ಯುಮೆಂಟ್ ಬಳಸಿದರೆ, ಪ್ಯಾಚ್‌ಗೆ ಮೊದಲು ಸೇವೆಯನ್ನು ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್‌ನಿಂದ ಬಿಡಿಸುವ, ನಂತರ ಅಪ್ಲಿಕೇಶನ್ ಉತ್ತರಿಸುತ್ತಿದೆಯೇ ಎಂದು ನೋಡಿ ಮತ್ತೆ ಜೋಡಿಸುವ ಕೆಲಸಗಳನ್ನು ಅದರಲ್ಲೇ ಸೇರಿಸಬಹುದು. ನಂತರದ ಆ ಪರೀಕ್ಷೆ ಸೋತರೆ ಅದು ವೈಫಲ್ಯವೆಂದೇ ಎಣಿಕೆಯಾಗಿ, ಮಿತಿ ದಾಟಿದಾಗ ಉಳಿದ ಸರ್ವರ್‌ಗಳಿಗೆ ಪ್ಯಾಚ್ ಹೋಗುವುದು ನಿಲ್ಲುತ್ತದೆ. ಡೇಟಾಬೇಸ್ ಇರುವ ಸರ್ವರ್‌ಗೆ ಮಾತ್ರ ಸ್ನಾಪ್‌ಶಾಟ್‌ಗೆ ಮರಳುವುದೆಂದರೆ ಆಮೇಲೆ ಬರೆದ ದತ್ತಾಂಶವನ್ನೂ ಕಳೆದುಕೊಳ್ಳುವುದು ಎಂದರ್ಥ. ಆದ್ದರಿಂದ ಅಲ್ಲಿ ಮೊದಲು ರೆಪ್ಲಿಕಾಗೆ (ಡೇಟಾಬೇಸ್‌ನ ಜೀವಂತ ನಕಲಿಗೆ) ಪ್ಯಾಚ್ ಹಾಕಿ, ಸರಿಯಿದೆ ಎಂದು ಕಂಡ ಮೇಲೆ ಅದನ್ನೇ ಮುಖ್ಯ ಸರ್ವರ್ ಮಾಡಿ, ಹಳೆಯದನ್ನು ಆನಂತರ ಮುಟ್ಟುವುದು ಒಳ್ಳೆಯದು.